ಬಲ್ಬು ನೋಡುತ್ತಿರುವ ಮಗು

ಫೆಬ್ರುವರಿ 3, ಸೋಮವಾರ

ಅಪ್ಪನಿಗೆ,

ನನಗೆ ಐದು ತಿಂಗಳು ತುಂಬಿತು. ಎಲ್ಲ ಸರಿಯಾಗಿದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಹೆರಿಗೆ ಜೂನ್ ಹತ್ತರ ಆಸುಪಾಸು. ಕನ್ನಡಕದ ಅಂಗಡಿಯ ಕೆಲಸಕ್ಕೆ ಮೇ ಕೊನೆಯವರೆಗೂ ಹೋಗುತ್ತೇನೆ. ನಿಮ್ಮ ಅಳಿಯಂದಿರು ಆಸ್ಪತ್ರೆಯ ಲಿಫ್ಟನ್ನು ತಾವೇ ಒಮ್ಮೆ ಬಿಚ್ಚಿ ನೋಡಿಕೊಂಡು ಬಂದಿದ್ದಾರೆ. ಲಿಫ್ಟ್ ರಿಪೇರಿಯವರನ್ನು ಮದುವೆಯಾದರೆ ಆತಂಕವೂ ಮಹಡಿ ಮಹಡಿಯಾಗಿ ಏರುತ್ತದೆ.

ನಿಮ್ಮ ಕಿವಿಗೂ ಫೋನಿಗೂ ಆಗಿಬರುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ಇಲ್ಲಿ ಹಸುಗೂಸುಗಳ ಫೋಟೋ ಮಾತ್ರ ತೆಗೆಯುವವರು ಇದ್ದಾರೆ. ಹುಟ್ಟಿದ ಐದನೇ ದಿನದಿಂದ ಹದಿನೈದನೇ ದಿನದೊಳಗೆ ತೆಗೆಯಬೇಕಂತೆ. ಆಮೇಲೆ ಮಗು ಹೊಟ್ಟೆಯಲ್ಲಿದ್ದ ಹಾಗೆ ಮುದುರಿ ಮಲಗುವುದಿಲ್ಲವಂತೆ. ಅವರಿಗೆ ಬೇಡಿಕೆ ಎಷ್ಟೆಂದರೆ ಈಗಲೇ ಬುಕ್ ಮಾಡಿ ದಿನ ಹಿಡಿದಿಡಬೇಕು. ಮೂವರ ಒಂದೊಂದು ಫೋಟೋ ಇದರ ಜೊತೆಗಿದೆ. ಒಬ್ಬಳು ಮಕ್ಕಳನ್ನು ಬುಟ್ಟಿಯಲ್ಲಿ ಮಲಗಿಸುವವಳು. ಇನ್ನೊಬ್ಬ ಕಪ್ಪು-ಬಿಳುಪು ಬಿಟ್ಟು ಬೇರೆ ತೆಗೆಯದವನು. ಮೂರನೆಯವರು ಮೊದಲು ನರ್ಸ್ ಆಗಿದ್ದವರು, ಮನೆಗೇ ಬಂದು ತೆಗೆಯುತ್ತಾರೆ.

ನಲವತ್ತು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತಿರುವವರ ಮಗಳಾಗಿ ನಾನು ಇಷ್ಟೂ ಗೊತ್ತಿಲ್ಲದವಳಾದೆ. ಯಾರು ಆಗಬಹುದು, ಹೇಳಿ.

ನಿಮ್ಮ
ಬಲ್ಬು


ಫೆಬ್ರುವರಿ 12

ಬಲ್ಬುವಿಗೆ ಆಶೀರ್ವಾದಗಳು.

ಮೂರೂ ಫೋಟೋಗಳನ್ನು ಭೂತಗನ್ನಡಿ ಹಿಡಿದು ನೋಡಿದೆ.

ಬುಟ್ಟಿಯವಳದ್ದು ಕಸುಬುದಾರಿಕೆಯ ಕೆಲಸ. ಮಗು ಎರಡು ಅಂಗೈ ಮೇಲೆ ಗದ್ದ ಊರಿ ನಿದ್ದೆ ಮಾಡುತ್ತಿದೆಯಲ್ಲ, ಅದು ಸುಳ್ಳು. ಹತ್ತು ದಿನದ ಕತ್ತು ತಲೆಯ ಭಾರ ಹೊರುವುದಿಲ್ಲ. ಎರಡು ಫೋಟೋ ತೆಗೆದಿರುತ್ತಾರೆ. ಒಂದರಲ್ಲಿ ಯಾರೋ ಮೇಲಿನಿಂದ ತಲೆಗೆ ಆಸರೆ ಕೊಟ್ಟಿರುತ್ತಾರೆ, ಇನ್ನೊಂದರಲ್ಲಿ ಕೆಳಗಿನಿಂದ ಮಣಿಕಟ್ಟಿಗೆ. ಎರಡನ್ನೂ ಕೂಡಿಸಿ, ಆಸರೆ ಕೊಟ್ಟ ಕೈಗಳನ್ನು ಅಳಿಸುತ್ತಾರೆ. ಎಡಕಿವಿಯ ಮೇಲೆ ಕೂದಲು ಒತ್ತಿದಂತಿದೆ ನೋಡು. ಅಲ್ಲೊಂದು ಹೆಬ್ಬೆರಳಿತ್ತು. ಇಷ್ಟು ಶುದ್ಧವಾಗಿ ಅಳಿಸುವುದು ಸುಲಭವಲ್ಲ. ನನ್ನ ಕಾಲದಲ್ಲಿ ನಾನೂ ಅಳಿಸುತ್ತಿದ್ದೆ.

ಕಪ್ಪು-ಬಿಳುಪಿನವನಿಗೆ ನೆರಳಿನ ಹುಚ್ಚು. ಮಗುವಿಗೆ ಹತ್ತು ದಿನ, ಮುಖದಲ್ಲಿ ಅರವತ್ತು ವರ್ಷದ ದುಃಖ. ಬೇಡ.

ನರ್ಸಮ್ಮನದ್ದು ಹವ್ಯಾಸಿ ಕೆಲಸ. ಕಿಟಕಿಯ ಬೆಳಕು ಪರವಾಗಿಲ್ಲ. ಆದರೆ ಮಗುವಿನ ಕೆಳಗೆ ದೊಡ್ಡವರ ಕೈ ಹಾಗೇ ಬಿಟ್ಟಿದ್ದಾರೆ. ಆ ಕೈಯ ಬೆರಳಿಗೊಂದು ಗಾಯದ ಪಟ್ಟಿ ಬೇರೆ. ಅದನ್ನಾದರೂ ಬಿಚ್ಚಿಸಬಹುದಿತ್ತು.

ನನ್ನ ಮತ ಬುಟ್ಟಿಯವಳಿಗೆ.

ನೀನು ನನ್ನನ್ನೇ ತೆಗೆಯಲು ಕೇಳಲಿಲ್ಲವೆಂದು ಬೇಸರವೇನೂ ಇಲ್ಲ. ಕೇಳಿದ್ದರೂ ಆಗದು ಎನ್ನುತ್ತಿದ್ದೆ. ಜೂನಿನಲ್ಲಿ ಅಂಗಡಿ ಬಿಟ್ಟು ಬರಲಾಗುವುದಿಲ್ಲ. ಶಾಲೆಯವರೆಲ್ಲ ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಬರುವ ತಿಂಗಳು. ಮಗುವನ್ನು ಆಮೇಲೆ ನಿಧಾನವಾಗಿ ನೋಡಿದರಾಯಿತು.

ಪೆನ್ನು ಸರಿಯಿಲ್ಲ. ಅಕ್ಷರ ಹೇಗೋ ಓದಿಕೋ.

ಅಪ್ಪ


ಫೆಬ್ರುವರಿ 20

ಅಪ್ಪನಿಗೆ,

ಪೆನ್ನನ್ನು ಬೈಯಬೇಡಿ. ನಿಮ್ಮ ಅಕ್ಷರ ವರ್ಷದಿಂದ ವರ್ಷಕ್ಕೆ ಇರುವೆಯಾಗುತ್ತಿದೆ. ಸಾಲಿನ ಮೊದಲಲ್ಲಿ ಕಟ್ಟಿರುವೆ, ಕೊನೆಯಲ್ಲಿ ಕೆಂಪಿರುವೆ. “ಮಾವ ಕಾಗದ ಉಳಿಸ್ತಿದ್ದಾರೆ, ಮೊಮ್ಮಗುವಿಗೆ ಆಸ್ತಿ ಮಾಡ್ತಿರಬೇಕು” ಎಂದು ಇವರು ನಗುತ್ತಾರೆ.

ನಿಮ್ಮನ್ನು ಕೇಳದೆ ಇದ್ದದ್ದು ನೀವು ಬರುವುದಿಲ್ಲವೆಂದು ಗೊತ್ತಿದ್ದರಿಂದ. ನನ್ನ ಮದುವೆಗೆ ಬಂದವರು ಮಾರನೇ ದಿನ ಅಂಗಡಿಯ ಬಾಗಿಲು ತೆಗೆಯಬೇಕೆಂದು ಹೊರಟುಬಿಟ್ಟಿರಿ. ಇರಲಿ. ಅದನ್ನು ಬರೆಯಬಾರದು ಅಂದುಕೊಂಡಿದ್ದೆ.

ಶನಿವಾರ ಬುಟ್ಟಿಯವಳ ಸ್ಟುಡಿಯೋಗೆ ಹೋಗಿದ್ದೆ. ಮಕ್ಕಳಿಗೆ ಚಳಿಯಾಗಬಾರದೆಂದು ಕೋಣೆಯನ್ನು ಬೆಚ್ಚಗಿಟ್ಟಿರುತ್ತಾರೆ. ಐದು ನಿಮಿಷಕ್ಕೆ ನಾನು ಬೆವೆತುಹೋದೆ. ಗೋಡೆ ತುಂಬ ಉಣ್ಣೆಯ ಟೋಪಿಗಳು, ಒಂದೊಂದೂ ಕಿತ್ತಳೆಹಣ್ಣಿನಷ್ಟು. ಅಲ್ಲೊಬ್ಬ ಹೆಂಗಸು ಕೈಗೆ ಬಿಸಿನೀರಿನ ಚೀಲ ಒತ್ತಿಕೊಂಡು ಕುಳಿತಿದ್ದಳು.

“ನಿಮ್ಮ ಕೆಲಸ ಏನು?” ಎಂದು ಕೇಳಿದೆ.

“ಆಸರೆ ಕೊಡೋದು ಮೇಡಂ. ಅದಕ್ಕೇ ಕೈ ಬಿಸಿ ಮಾಡ್ಕೋತಿದ್ದೀನಿ. ತಣ್ಣಗಿದ್ದರೆ ಮಗು ಬೆಚ್ಚಿಬೀಳುತ್ತೆ.”

“ಎಷ್ಟು ಮಕ್ಕಳಿಗೆ ಕೊಟ್ಟಿರಬಹುದು?”

“ಆರು ವರ್ಷ ಆಯ್ತಲ್ಲ. ಸಾವಿರಕ್ಕೇನೂ ಮೋಸ ಇಲ್ಲ.”

“ಯಾವ ಫೋಟೋದಲ್ಲಾದರೂ ನೀವಿದ್ದೀರಾ?”

“ನಾನು ಕಂಡರೆ ನನ್ನ ಕೆಲಸ ಹೋಗುತ್ತೆ ಮೇಡಂ” ಎಂದು ನಕ್ಕಳು.

ದಿನ ಹಿಡಿಯದೆ ಮನೆಗೆ ಬಂದೆ. ಗೋಡೆಯ ಮೇಲೆ ನನ್ನದೇ ಫೋಟೋ ಇದೆಯಲ್ಲ. ಇಪ್ಪತ್ತು ದಿನದವಳು, ಬಿಳಿಯ ಮೇಲೆ ಬಿಳಿ, ಅರ್ಧ ಕುಳಿತಂತೆ, ಕಣ್ಣರಳಿಸಿ ಮೇಲಕ್ಕೆ ನೋಡುತ್ತಿದ್ದೇನೆ. ಸ್ಟುಡಿಯೋದ ಬಲ್ಬು ನೋಡುತ್ತಿದ್ದೆ ಎಂದು ನೀವು ಹೇಳಿ ಹೇಳಿ ನನಗೆ ಆ ಹೆಸರೇ ನಿಂತಿತು. ಮೊನ್ನೆಯವರೆಗೂ ನನಗೆ ಹೊಳೆದಿರಲಿಲ್ಲ. ಇಪ್ಪತ್ತು ದಿನದ ನಾನು ಅರ್ಧ ಕುಳಿತದ್ದು ಹೇಗೆ? ನನಗೆ ಆಸರೆ ಕೊಟ್ಟವರು ಯಾರು?

ಅಮ್ಮ ಹೋದಾಗ ನನಗೆ ಮೂರು ವರ್ಷ. ನನ್ನ ಹತ್ತಿರ ಇರುವುದು ಅವರ ಬಸ್ ಪಾಸಿನ ಫೋಟೋ ಒಂದೇ, ಹೆಬ್ಬೆರಳಿನ ಉಗುರಿನಷ್ಟು. ಅವರ ಜೊತೆ ನಾನಿರುವ ಒಂದು ಫೋಟೋವೂ ಇಲ್ಲ. ಫೋಟೋದವರ ಮನೆಯಲ್ಲಿ ಇದು ಹೇಗಾಯಿತು ಎಂದು ಕೇಳಿದರೆ ನಿಮಗೆ ನೋವಾಗುತ್ತದೆಂದು ಸುಮ್ಮನಿದ್ದೆ. ಈಗ ನನ್ನ ಮಗುವಿನ ಫೋಟೋ ಆರಿಸುವ ಹೊತ್ತಿಗೆ ಅದೇ ಅಡ್ಡ ನಿಂತಿದೆ. ಮಗು ಒಂದೇ ಇರುವ ಫೋಟೋ ನನಗೆ ಬೇಡ ಅನ್ನಿಸುತ್ತಿದೆ.

ಬಲ್ಬು


ಫೆಬ್ರುವರಿ 28

ಬಲ್ಬುವಿಗೆ ಆಶೀರ್ವಾದಗಳು.

ನಿಮ್ಮಮ್ಮನೇ. ಬಿಳಿ ಬೆಡ್‌ಶೀಟ್ ಹೊದ್ದು ಹಿಂದೆ ಕುಳಿತಿದ್ದಳು. ಅಂಗಡಿಗೆ ಬರುತ್ತಿದ್ದ ಎಲ್ಲ ಮಕ್ಕಳಿಗೂ ಅವಳೇ ಆಸರೆ. ಬೆಡ್‌ಶೀಟಿನಿಂದ ಬೆರಳು ಹೊರಗೆ ಕಂಡರೆ ನಾನು ಅಳಿಸುತ್ತಿದ್ದೆ. ಆಗಿನ ಪದ್ಧತಿ ಅದು.

ಆ ಫೋಟೋದ ನೆಗೆಟಿವ್ ಉಳಿದಿಲ್ಲ. ಮಾಳಿಗೆ ಸೋರಿದ ವರ್ಷ ಆ ಪೆಟ್ಟಿಗೆ ಪೂರ್ತಿ ಹಾಳಾಯಿತು.

ಬುಟ್ಟಿಯವಳ ಹತ್ತಿರ ದಿನ ಹಿಡಿದೆಯಾ? ತಡಮಾಡಬೇಡ.

ಅಪ್ಪ


ಮಾರ್ಚ್ 14

ಅಪ್ಪನಿಗೆ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಓದಲು ಹೆಚ್ಚೇನಿರಲಿಲ್ಲ. ನಾನು ನೆಗೆಟಿವ್ ಕೇಳಿಯೇ ಇರಲಿಲ್ಲ.

ಭಾನುವಾರ ನರ್ಸಮ್ಮ ಮನೆಗೆ ಬಂದಿದ್ದರು. ದಿನ ಹಿಡಿಯುವ ಮೊದಲು ಮನೆಯ ಕಿಟಕಿಗಳನ್ನು ನೋಡಬೇಕಂತೆ. ಮಲಗುವ ಕೋಣೆಯ ಕಿಟಕಿಯ ಮುಂದೆ ನಿಂತು ತಮ್ಮ ಅಂಗೈಯನ್ನೇ ಆಚೆ ಈಚೆ ತಿರುಗಿಸಿ ಬೆಳಕು ನೋಡಿದರು. “ಬೆಳಿಗ್ಗೆ ಹತ್ತಕ್ಕೆ ಚೆನ್ನಾಗಿರುತ್ತೆ. ಈ ಬೀರು ಒಂಚೂರು ಸರಿಸಬೇಕು” ಎಂದರು. ಇವರು ಹೊಸ ಲಿಫ್ಟ್ ಕೂರಿಸಲು ಬಂದವರಂತೆ ಆಗಲೇ ಬೀರು ಸರಿಸಿಬಿಟ್ಟರು. ಈಗ ಬಾಗಿಲು ಪೂರ್ತಿ ತೆರೆಯುವುದಿಲ್ಲ.

ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ಅವರಿಗೆ ಇಪ್ಪತ್ತೆರಡು ವರ್ಷದ ಅನುಭವ. ಕೈಯನ್ನು ಏಕೆ ಅಳಿಸುವುದಿಲ್ಲವೆಂದು ಕೇಳಿದೆ. “ಅಳಿಸೋಕೆ ನನಗೆ ಬರುತ್ತೆ ಕಣಮ್ಮ. ಆದರೆ ಆ ವಾರ್ಡಲ್ಲಿ ಮಗು ಉಳಿದಿದ್ದೇ ಯಾರದೋ ಕೈಯಿಂದ. ಅದನ್ನು ಅಳಿಸಿಬಿಟ್ಟರೆ ಫೋಟೋದಲ್ಲಿ ಇನ್ನೇನು ಉಳೀತು?” ಎಂದರು. ಪಟ್ಟಿ ಸುತ್ತಿದ ಬೆರಳು ಆ ಮಗುವಿನ ತಂದೆಯದಂತೆ. ಹೊಸ ತೊಟ್ಟಿಲಿಗೆ ಮೊಳೆ ಹೊಡೆಯುವಾಗ ಜಜ್ಜಿಕೊಂಡದ್ದಂತೆ.

ಹೊರಡುವಾಗ ಗೋಡೆಯ ಮೇಲಿನ ನನ್ನ ಫೋಟೋ ಮುಂದೆ ನಿಂತರು.

“ಇದು ಯಾರು?”

“ನಾನೇ. ಇಪ್ಪತ್ತು ದಿನ ಆಗಿತ್ತಂತೆ. ಸ್ಟುಡಿಯೋ ಬಲ್ಬು ನೋಡ್ತಿದ್ದೀನಿ.”

“ಬಲ್ಬಾ?” ಎಂದು ಕನ್ನಡಕ ಏರಿಸಿಕೊಂಡರು. “ಬಲ್ಬಿನ ಕಡೆ ತಿರುಗಿದರೆ ಮಗು ಕಣ್ಣು ಚಿಕ್ಕದು ಮಾಡುತ್ತೆ. ಇದು ಅರಳಿಸಿದೆ. ಈ ವಯಸ್ಸಲ್ಲಿ ಅದಕ್ಕೆ ನೆಟ್ಟಗೆ ಕಾಣೋದೇ ಒಂದಡಿ ದೂರ. ಎತ್ತಿಕೊಂಡೋರ ಮುಖ ಇರುತ್ತಲ್ಲ, ಅಷ್ಟು.”

ಅವರು ಡೈರಿಯಲ್ಲಿ ಜೂನ್ ಇಪ್ಪತ್ತರ ಎದುರಿಗೆ ಪೆನ್ಸಿಲಿನಲ್ಲಿ ನನ್ನ ಗುರುತು ಹಾಕಿಕೊಂಡರು. ನಾನು ಹೌದೆಂದರೆ ಪೆನ್ನಿನಲ್ಲಿ ಬರೆಯುತ್ತಾರೆ.

ಅಪ್ಪ, ನಾನು ದಿನವಿಡೀ ಜನರ ಕಣ್ಣಿನ ಅಳತೆ ತೆಗೆಯುವವಳು. ಇಷ್ಟು ವರ್ಷ ನನ್ನ ಕಣ್ಣು ಎತ್ತ ನೋಡುತ್ತಿದೆಯೆಂದು ಅಳೆಯಲಿಲ್ಲ. ಆ ಫೋಟೋದಲ್ಲಿ ನನ್ನ ಮುಖದ ಮೇಲೆ ಒಂದಡಿ ದೂರದಲ್ಲಿ ಏನಿತ್ತು?

ಬಲ್ಬು


ಏಪ್ರಿಲ್ 2

ಅಪ್ಪನಿಗೆ,

ಮೂರು ವಾರವಾಗುತ್ತ ಬಂತು, ನಿಮ್ಮ ಪತ್ರವಿಲ್ಲ. ಕೇಳಬಾರದ್ದನ್ನು ಕೇಳಿದೆನೆ?

ನಿನ್ನೆ ತಡೆಯಲಾರದೆ ನಿಮ್ಮ ಪಕ್ಕದಂಗಡಿಯ ಟೈಲರ್‌ಗೆ ಫೋನ್ ಮಾಡಿದೆ. “ಚೆನ್ನಾಗಿದ್ದಾರಮ್ಮ, ಊಟ ತಿಂಡಿ ಎಲ್ಲ ಸರಿಯಾಗಿದೆ. ಕೈ ಒಂದು ಬಿಟ್ಟರೆ…” ಎಂದವರು ತಟ್ಟನೆ ನಿಲ್ಲಿಸಿ, ಗಿರಾಕಿ ಬಂದರೆಂದು ಫೋನ್ ಇಟ್ಟರು. ಅವರಿಗೆ ಸುಳ್ಳು ಹೊಲಿಯಲು ಬರುವುದಿಲ್ಲ. ಕೈಗೆ ಏನಾಗಿದೆ?

ನೆಗೆಟಿವ್ ವಿಷಯ ಬಿಟ್ಟುಬಿಡೋಣ. ಇದೊಂದನ್ನು ಬರೆಯಿರಿ.

ಬಲ್ಬು


ಏಪ್ರಿಲ್ 9

ಬಲ್ಬುವಿಗೆ,

ಬರೆಯುವುದು ನಿಧಾನ. ಇದನ್ನು ಎರಡು ದಿನದಿಂದ ಬರೆಯುತ್ತಿದ್ದೇನೆ.

ಮೊದಲು ಕೈ. ಬಲಗೈ ಒಂದು ವರ್ಷದಿಂದ ನಡುಗುತ್ತದೆ. ತೋರಿಸಿದೆ. “ನಿಮ್ಮ ಅಕ್ಷರ ಚಿಕ್ಕದಾಗ್ತಾ ಇದೆಯಾ?” ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಅದು. ಕಾಗದ ಉಳಿಸುತ್ತಿರಲಿಲ್ಲ ಎಂದು ಅಳಿಯಂದಿರಿಗೆ ಹೇಳು. ಪಾರ್ಕಿನ್ಸನ್ ಎನ್ನುವ ನಡುಕದ ಕಾಯಿಲೆಯಂತೆ. ಮಾತ್ರೆ ಕೊಟ್ಟಿದ್ದಾರೆ, ತೆಗೆದುಕೊಳ್ಳುತ್ತಿದ್ದೇನೆ. ಈಗ ಹೆಚ್ಚಾಗಿಲ್ಲ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆಯೇ ಇರುತ್ತದೆ, ಗುಂಡಿ ಒತ್ತುವುದಷ್ಟೇ ನನ್ನ ಕೆಲಸ. ನೀನು ಮೂರು ಜನರ ಫೋಟೋ ಕಳಿಸಿದಾಗ, ನನ್ನ ಕೈಯ ವಿಷಯ ಯಾರೋ ನಿನಗೆ ಹೇಳಿರಬೇಕು, ನೋಯಿಸದೆ ನನ್ನನ್ನು ಬದಿಗಿಡುತ್ತಿದ್ದೀಯೆ ಅಂದುಕೊಂಡೆ. ಅದಕ್ಕೇ ಅಂಗಡಿಯ ನೆಪ ಬರೆದೆ.

ಇನ್ನು ಆ ಫೋಟೋ. ಮಾಳಿಗೆ ಸೋರಿದ್ದು ನಿಜ. ಆ ಪೆಟ್ಟಿಗೆ ಮಾಳಿಗೆಯಲ್ಲಿರಲಿಲ್ಲ. ನನ್ನ ಮಂಚದ ಕೆಳಗಿತ್ತು.

ಆ ದಿನ ಮೂರು ಸಲ ತೆಗೆದೆ. ಎರಡರಲ್ಲಿ ನೀನು ಅಳುತ್ತಿದ್ದೆ. ಮೂರನೆಯದಕ್ಕೆ ನಿಮ್ಮಮ್ಮ ಬೆಡ್‌ಶೀಟಿನೊಳಗಿಂದ ಬಗ್ಗಿ ನಿನಗೇನೋ ಹೇಳಿದಳು. ಬೆಡ್‌ಶೀಟ್ ಜಾರಿ ಅವಳ ಮುಖ ಅರ್ಧ, ಕೈ ಪೂರ್ತಿ ಹೊರಗೆ ಬಂತು. ನೀನು ಅಳು ನಿಲ್ಲಿಸಿ ಕಣ್ಣರಳಿಸಿದೆ. ಅದಕ್ಕೇ ಅದನ್ನು ಆರಿಸಿದೆ. ಆಮೇಲೆ ನೆಗೆಟಿವ್ ಮೇಲೆ, ಅವಳಿದ್ದ ಜಾಗಕ್ಕೆ ಕೆಂಪು ಬಣ್ಣ ಹಚ್ಚಿದೆ. ಅದು ಬೆಳಕನ್ನು ತಡೆಯುತ್ತದೆ. ಅಷ್ಟು ಜಾಗ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ. ಹಿಂದಿನ ಪರದೆಯೂ ಬಿಳಿ, ಯಾರಿಗೂ ಗೊತ್ತಾಗಲಿಲ್ಲ. ಆ ಫೋಟೋ ಎಂಟು ವರ್ಷ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದನ್ನು ನೋಡಿಯೇ ಜನ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು.

ಅವಳು ನೋಡಿ, “ಈ ಊರಿನ ಅರ್ಧ ಮಕ್ಕಳನ್ನ ನಾನೇ ಹಿಡ್ಕೊಂಡು ಕೂತಿದ್ದೀನಿ. ನನ್ನ ಮಗಳ ಫೋಟೋದಲ್ಲೂ ನಾನಿಲ್ಲವಲ್ಲ ರೀ” ಅಂದಳು. ನಗುತ್ತಲೇ ಅಂದಳು. “ಒಂದು ಭಾನುವಾರ ಮೂರೂ ಜನ ಕೂತು ತೆಗೆಸಿಕೊಳ್ಳೋಣ ಬಿಡು” ಅಂದೆ. ಭಾನುವಾರವೇ ಗಿರಾಕಿಗಳು ಹೆಚ್ಚು. ಮೂರು ವರ್ಷದ ಭಾನುವಾರಗಳು ಹಾಗೇ ಹೋದವು. ಆಮೇಲೆ ನೀನು, “ಇದರಲ್ಲಿ ನಾನು ಏನು ನೋಡ್ತಿದ್ದೀನಿ ಅಪ್ಪ?” ಎಂದು ಕೇಳಿದೆ. ಬಾಯಿಗೆ ಬಂದದ್ದು ಬಲ್ಬು.

ಆ ಬಣ್ಣ ನೀರಿಗೆ ಬಿಡುತ್ತದೆ. ನಾನು ಹಚ್ಚಿದ್ದು ನೆಗೆಟಿವಿನ ಹೊಳಪಿನ ಬದಿಗೆ. ಇನ್ನೊಂದು ಬದಿಯ ಚಿತ್ರಕ್ಕೆ ಏನೂ ಆಗಿರುವುದಿಲ್ಲ. ಇದು ಮೊದಲಿನಿಂದ ಗೊತ್ತು. ಒರೆಸಲು ಧೈರ್ಯವಾಗಿರಲಿಲ್ಲ. ನಿನ್ನ ಮಾರ್ಚ್ ಪತ್ರ ಬಂದ ಮೇಲೆ ಪೆಟ್ಟಿಗೆ ತೆಗೆದೆ. ಈಗ ಧೈರ್ಯವಿತ್ತು, ಕೈ ಇರಲಿಲ್ಲ. ಹತ್ತು ದಿನ ನೋಡಿ, ಟೈಲರನ್ನು ಕರೆದೆ.

“ಹತ್ತಿ ಒದ್ದೆ ಮಾಡಿ ಹಿಂಡು. ಹೊಳಪಿನ ಬದಿ. ಉಜ್ಜಬೇಡ, ಒತ್ತಿ ಎತ್ತು” ಎಂದೆ.

“ಇದು ಮದುವೆ ಹುಡುಗಿ ರೇಷ್ಮೆಗೆ ಬಿದ್ದ ಕಲೆ ತೆಗೆದ ಕೈ. ಸುಮ್ನೆ ಕೂತ್ಕೊಳ್ಳಿ ಸ್ವಾಮಿ” ಎಂದ. ನನಗೆ ಕೇಳಿಸಲೆಂದು ಅದನ್ನು ರಸ್ತೆಗೆಲ್ಲ ಕೇಳಿಸುವಂತೆ ಕೂಗಿದ.

ಹತ್ತಿ ಕೆಂಪಾಯಿತು. ಮೊದಲು ಬೆರಳುಗಳು ಬಂದವು. ಆಮೇಲೆ ಅವಳ ಮುಖ ಬಂತು. ಟೈಲರ್ ನೆಗೆಟಿವನ್ನು ನನ್ನ ಕಡೆ ತಿರುಗಿಸಿಟ್ಟು ತನ್ನ ಅಂಗಡಿಗೆ ಹೋದ.

ಎರಡು ರಟ್ಟಿನ ನಡುವೆ ಇಟ್ಟು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಅಂಚು ಹಿಡಿದು ಎತ್ತು, ಬೆರಳು ತಾಗಿಸಬೇಡ.

ಇನ್ನೊಂದು. ಮೊನ್ನೆ ಒಂದು ದಂಪತಿ ತಿಂಗಳ ಮಗುವಿನ ಪಾಸ್‌ಪೋರ್ಟ್ ಫೋಟೋಕ್ಕೆ ಬಂದಿದ್ದರು. ಅದರಲ್ಲಿ ಯಾರ ಕೈಯೂ ಕಾಣಬಾರದೆಂದು ಸರ್ಕಾರದ ನಿಯಮ. ತಾಯಿಗೆ ಮಗುವನ್ನು ಹಾಗೆ ಹಿಡಿಯಲು ಬರಲಿಲ್ಲ. ನಾನೇ ಬೆಡ್‌ಶೀಟ್ ಹೊದ್ದು ಕುಳಿತು, ತಂದೆಯ ಕೈಯಲ್ಲಿ ಗುಂಡಿ ಒತ್ತಿಸಿದೆ. ತಲೆ ನನ್ನ ಬಲ ಅಂಗೈಯಲ್ಲಿತ್ತು. ಕೈ ನಡುಗಲಿಲ್ಲ. ಹತ್ತಿಯಂಥ ಹಗುರದ್ದು ಹಿಡಿದರೆ ನಂಬುವಂತಿಲ್ಲ, ಸುಮ್ಮನಿದ್ದರಂತೂ ನಡುಕ ನಿಲ್ಲುವುದಿಲ್ಲ. ಭಾರ ಬಿದ್ದರೆ ನಿಲ್ಲುತ್ತದೆ. ಡಾಕ್ಟರನ್ನು ಕೇಳಿದೆ. ಈ ಕಾಯಿಲೆಯಲ್ಲಿ ಹಾಗೂ ಇರುತ್ತದಂತೆ. ಸುಮ್ಮನೆ ನಿನಗೆ ತಿಳಿಸಿದೆ.

ಅಪ್ಪ


ಏಪ್ರಿಲ್ 20

ಅಪ್ಪನಿಗೆ,

ನಿನ್ನೆ ಮಧ್ಯಾಹ್ನ ಬಂತು. ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸುವಾಗ ಹಾಕುವ ಬಟ್ಟೆಯ ಕೈಗವಸು ಹಾಕಿಕೊಂಡು ಅಂಚು ಹಿಡಿದೆ. ನೋಡಲು ಬೆಳಕು ಬೇಕಲ್ಲ. ಲೆನ್ಸ್ ಪರೀಕ್ಷಿಸುವ ಬಲ್ಬಿಗೆ ಹಿಡಿದೆ.

ನೆಗೆಟಿವಿನಲ್ಲಿ ಎಲ್ಲ ತಿರುಗುಮುರುಗು ಎಂದು ಗೊತ್ತಿದ್ದೂ ಒಂದು ಕ್ಷಣ ಮರೆತೆ. ಅಮ್ಮನ ಕೂದಲು ಪೂರ್ತಿ ಬೆಳ್ಳಗಿತ್ತು. ಇದ್ದಿದ್ದರೆ ಈಗ ಹೀಗೇ ಇರುತ್ತಿದ್ದರು ಅಂದುಕೊಂಡೆ. ಬಾಯಿ ಅರ್ಧ ತೆರೆದಿದೆ, ಏನೋ ಹೇಳುತ್ತಿದ್ದಾರೆ. ಐದು ಬೆರಳೂ ನನ್ನ ಕತ್ತಿನ ಹಿಂದೆ. ನಾನು ಅವರನ್ನೇ ನೋಡುತ್ತಿದ್ದೇನೆ. ಅಳತೆಗೋಲು ಇಟ್ಟು ನೋಡಿದೆ, ನನ್ನ ಅಭ್ಯಾಸ ನಿಮಗೆ ಗೊತ್ತಲ್ಲ. ನಮ್ಮಿಬ್ಬರ ಮುಖಗಳ ನಡುವೆ ನನ್ನ ಮುಖದ ಉದ್ದದ ಮೂರರಷ್ಟು ಅಂತರ, ಅಂದರೆ ಒಂದಡಿ. ನರ್ಸಮ್ಮ ಹೇಳಿದ್ದು ಸರಿ.

ಮಾಲೀಕರು ಬಂದು, “ಏನಮ್ಮ, ಕಣ್ಣಿಗೆ ಏನಾದರೂ ಬಿತ್ತಾ?” ಎಂದರು. ಹೌದೆಂದೆ.

ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಸಂಜೆಯವರೆಗೂ ಇತ್ತು. ಮನೆಗೆ ಬಂದು ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ. ನೀವು ಅದನ್ನು ಕೆರೆದು ತೆಗೆಯಬಹುದಿತ್ತು. ಒರೆಸಿದರೆ ಹೋಗುವ ಬಣ್ಣವನ್ನು, ಚಿತ್ರವಿಲ್ಲದ ಬದಿಗೆ ಹಚ್ಚಿದ್ದಿರಿ. ಇಷ್ಟು ವರ್ಷ ಮಂಚದ ಕೆಳಗೆ ಇಟ್ಟುಕೊಂಡಿದ್ದಿರಿ. ಅಷ್ಟರಲ್ಲಿ ಸಿಟ್ಟು ಇಳಿಯಿತು. ನನ್ನ ಹೆಸರು ಮಾತ್ರ ಬದಲಾಯಿಸಬೇಡಿ. ಅಭ್ಯಾಸವಾಗಿಬಿಟ್ಟಿದೆ.

ಫೋಟೋ ತೆಗೆಯುವವರು ನರ್ಸಮ್ಮ ಎಂದು ನಿರ್ಧರಿಸಿದ್ದೇನೆ. ಇವರೂ ಒಪ್ಪಿದ್ದಾರೆ. ಬೀರುವನ್ನು ಮತ್ತೆ ಸರಿಸುವುದು ತಪ್ಪಿತು ಎನ್ನುವುದು ಅವರ ಕಾರಣ. ಡೈರಿಯಲ್ಲಿ ಇನ್ನೂ ಪೆನ್ಸಿಲ್ ಇದೆ. ಪೆನ್ನು ಹಾಕಿಸುವ ಮೊದಲು ನಿಮ್ಮಿಂದ ಒಂದು ಉತ್ತರ ಬೇಕು.

ಮಗುವಿಗೆ ಆಸರೆ ಕೊಡಲು ಒಬ್ಬರು ಬೇಕು. ಇವರ ಕೈ ಉಕ್ಕಿನಂತೆ ಒರಟು, ನನ್ನ ಕೈಗೆ ಅಂಜಿಕೆ. ಸಾವಿರಾರು ಮಕ್ಕಳ ಆಸರೆಯನ್ನು ಎದುರಿಗೆ ನಿಂತು ನೋಡಿದವರು ನೀವೊಬ್ಬರೇ. ಬೆಡ್‌ಶೀಟ್ ಹೊದೆಯುವ ಹಾಗಿಲ್ಲ. ನಿಮ್ಮ ಕೈ ಫೋಟೋದಲ್ಲಿ ಇರುತ್ತದೆ. ಮಗು ಮೇಲಕ್ಕೆ ನೋಡಿದರೆ ಏನನ್ನು ನೋಡುತ್ತಿದೆಯೋ ಅದೂ ಫೋಟೋದಲ್ಲಿ ಇರಬೇಕು.

ಕ್ಯಾಮೆರಾ ತರಬೇಡಿ.

ಬಲ್ಬು


ಏಪ್ರಿಲ್ 29

ಬಲ್ಬುವಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಟೈಲರ್‌ಗೂ ಓದಿಸಿದೆ. “ಯಾವ ಅಂಗಿ ಹಾಕ್ತೀರಾ? ತೋಳಿನ ತುದಿ ಸವೆದಿದ್ದರೆ ಫೋಟೋದಲ್ಲಿ ಕಾಣುತ್ತೆ” ಎಂದು ಆಗಲೇ ಅಳತೆ ತೆಗೆದುಕೊಂಡಿದ್ದಾನೆ. ನನಗೆ ಅದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಬೇರೆಯವರ ಅಂಗಿಯ ಸುಕ್ಕು ನೋಡಿದ್ದೇ ಆಯಿತು.

ಬುಟ್ಟಿಯವಳಿಗೆ ಕೊಟ್ಟ ಮತವನ್ನು ವಾಪಸ್ ತೆಗೆದುಕೊಂಡಿದ್ದೇನೆ. ಗಾಯದ ಪಟ್ಟಿಯ ಬಗ್ಗೆ ಹೇಳಿದ್ದನ್ನೂ. ಆದರೆ ನರ್ಸಮ್ಮನಿಗೆ ಒಂದು ಮಾತು ಹೇಳು: ಕಿಟಕಿಯ ಎದುರು ಬದಿಗೆ ಒಂದು ಬಿಳಿ ಬಟ್ಟೆ ಹಿಡಿದರೆ ನೆರಳು ಮೆತ್ತಗಾಗುತ್ತದೆ. ಇಷ್ಟಾದರೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬೆಡ್‌ಶೀಟ್ ನಾನೇ ತರುತ್ತೇನೆ. ಹೊದೆಯಲು ಅಲ್ಲ. ಅದು ಅವಳದೇ.

ಅಂದು ಅವಳು ನಿನಗೇನು ಹೇಳಿದಳೆಂದು ನೀನು ಕೇಳಲಿಲ್ಲ. ಕೇಳಬಹುದೆಂದು ಕಾದಿದ್ದೆ. ಆಗ ನನ್ನ ಕಿವಿ ಚೆನ್ನಾಗಿತ್ತು. “ಇನ್ನೊಂದೇ ಒಂದು, ಆಮೇಲೆ ಮನೆಗೆ ಹೋಗೋಣ” ಅಂದಳು. ಎಲ್ಲ ಮಕ್ಕಳಿಗೂ ಅದನ್ನೇ ಹೇಳುತ್ತಿದ್ದಳು.

ಪೆನ್ನು ಹಾಕಿಸು. ನಾನು ಮೇ ಮೂವತ್ತಕ್ಕೆ ಹೊರಟು, ಜೂನ್ ಪೂರ್ತಿ ನಿಮ್ಮಲ್ಲಿರುವುದೆಂದು ತೀರ್ಮಾನಿಸಿದ್ದೇನೆ. ಟಿಕೆಟ್ ಇನ್ನೂ ತೆಗೆಸಿಲ್ಲ. ‘ಜೂನ್ ತಿಂಗಳು ಅಂಗಡಿ ರಜೆ’ ಎಂದು ಒಂದು ಹಲಗೆ ಬರೆದೆ. ಅಕ್ಷರ ಚಿಕ್ಕದು, ರಸ್ತೆಯಿಂದ ಕಾಣುವುದಿಲ್ಲ ಎಂದು ಟೈಲರ್ ಹೇಳುತ್ತಾನೆ. ಅವನ ಸೀಮೆಸುಣ್ಣ ತಂದು ದೊಡ್ಡದಾಗಿ ತಿದ್ದಬೇಕು. ಸದ್ಯಕ್ಕೆ ಅದು ಬಾಗಿಲ ಹಿಂದೆ, ಕ್ಯಾಮೆರಾ ಸ್ಟ್ಯಾಂಡಿನ ಪಕ್ಕ, ಗೋಡೆಗೆ ಒರಗಿದೆ.

ಅಪ್ಪ